ಬಿಟ್ಟೆನೆಂದರೂ ಬಿಡದೀ ತಪ್ಪಲೆ

ಆರು ವಾರಗಳ ಹಿಂದೆ ನಾನು ಮಿನಿಮಲಿಸ್ಟ್, ಅಂದರೆ ಆದಷ್ಟು ಕಡಿಮೆ ಸಾಮಾನಿನಲ್ಲಿ ಬದುಕುವವನು, ಆದೆ. ಖರ್ಚು ಒಟ್ಟು 31,400 ರೂಪಾಯಿ ಬಂತು.

ಲೆಕ್ಕ ಬೇಕೆಂದರೆ ಕೊಡುತ್ತೇನೆ. ಶನಿವಾರ, ಭಾನುವಾರದ ಕಾರ್ಯಾಗಾರಕ್ಕೆ 6,000. ಅಡುಗೆಮನೆಯಲ್ಲಿ ತರಹೇವಾರಿ ಡಬ್ಬಿಗಳಿದ್ದರೆ ಕಣ್ಣಿಗೆ ಗದ್ದಲವಾಗುತ್ತದೆ ಎಂದು ಅಲ್ಲಿ ಹೇಳಿಕೊಟ್ಟಿದ್ದರಿಂದ, ಅವನ್ನೆಲ್ಲ ಇಳಿಸಿ, ಬಿದಿರಿನ ಮುಚ್ಚಳದ ಒಂದೇ ಅಳತೆಯ ಗಾಜಿನ ಜಾಡಿ 24ಕ್ಕೆ 9,600. ಕೆನೆಬಣ್ಣದ ಲಿನನ್ ಅಂಗಿ ಮೂರಕ್ಕೆ 7,800. ಇದ್ದ ಹದಿನೆಂಟು ಅಂಗಿಗಳು ಹೊಟ್ಟೆಯ ಹತ್ತಿರ ಬಿಗಿಯಾಗಿದ್ದವೇ ಹೊರತು ಒಂದೂ ಹರಿದಿರಲಿಲ್ಲ ಎಂಬುದು ಬೇರೆ ಮಾತು. ಬಿಡಬೇಕಾದ ಸಾಮಾನನ್ನು ಬಿಡುವ ತನಕ ಅಂದವಾಗಿ ತುಂಬಿಡಲು ಬೂದು ಬಣ್ಣದ ಬಟ್ಟೆಪೆಟ್ಟಿಗೆ ಎಂಟು, 8,000. ನಮ್ಮ ಅಪ್ಪ ಎರಡು ಪಂಚೆ, ಮೂರು ಅಂಗಿಯಲ್ಲಿ ಜೀವಮಾನ ಕಳೆದರು. ಅವರನ್ನು ಯಾರೂ ಮಿನಿಮಲಿಸ್ಟ್ ಎನ್ನಲಿಲ್ಲ. ಪ್ರೈಮರಿ ಶಾಲೆ ಮೇಷ್ಟ್ರು ಎಂದರು, ಅಷ್ಟೆ.

ಕಾರ್ಯಾಗಾರ ನಡೆದದ್ದು ಬೆಂಗಳೂರಿನ ಒಂದು ದೊಡ್ಡ ಹೋಟೆಲಿನ ಸಭಾಂಗಣದಲ್ಲಿ. ಬಾಗಿಲಲ್ಲೇ ಎಲ್ಲರ ಕೈಗೂ ಒಂದೊಂದು ಚೀಲ ಕೊಟ್ಟರು. ಒಳಗೆ ಡೈರಿ, ಪೆನ್ನು, ನೀರಿನ ಬಾಟಲಿ, ಕೀಲಿಗೊಂಚಲು ಮತ್ತು ‘ಕಡಿಮೆಯೇ ಹಿರಿಮೆ’ ಎಂದು ಬರೆದ ಕಾಫಿ ಲೋಟ. ಪಾಠ ಹೇಳಿದ ಕೋಚ್ ಮೂವತ್ತರ ಒಳಗಿನ ಹುಡುಗ. ತನ್ನ ಇಡೀ ಬದುಕು ಬೆನ್ನ ಮೇಲಿನ ಒಂದು ಚೀಲದಲ್ಲಿ ಹಿಡಿಸುತ್ತದೆ ಎಂದು ಅವನು ಚೀಲವನ್ನು ಎತ್ತಿ ತೋರಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಹಿಡಿಸದೆ ಉಳಿದದ್ದು ಅವರ ಅಮ್ಮನ ಮನೆಯ ಅಟ್ಟದಲ್ಲಿದೆ ಎಂದು ಊಟದ ಸಾಲಿನಲ್ಲಿ ನಿಂತಾಗ ತಿಳಿಯಿತು. ನಾನು ಸುಮ್ಮನಿರಲಾರದೆ ಶ್ರವಣಬೆಳಗೊಳದ ಮಾತು ತೆಗೆದೆ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು, ಸಾವಿರ ವರ್ಷಕ್ಕೂ ಹೆಚ್ಚಾಯಿತು ನಮ್ಮಲ್ಲೊಬ್ಬ ಬೆಟ್ಟದ ಮೇಲೆ ನಿಂತಿದ್ದಾನಲ್ಲ, ಅವನಿಗಿಂತ ದೊಡ್ಡ ಮಿನಿಮಲಿಸ್ಟ್ ಉಂಟೇ ಎಂದೆ. ಹುಡುಗ ಮೊಬೈಲಿನಲ್ಲಿ ಗೊಮ್ಮಟನ ಚಿತ್ರ ಹುಡುಕಿ, ಹಿಗ್ಗಿಸಿ ನೋಡಿ, “ತುಂಬಾ ಚೆನ್ನಾಗಿದೆ ಸಾರ್. ಆದರೆ ಕಾಲಿಗೆ ಸುತ್ತಿದ ಆ ಬಳ್ಳಿ ಬೇಕಿತ್ತೇ?” ಎಂದ.

ಅವನು ಕಲಿಸಿದ ಮುಖ್ಯ ವಿದ್ಯೆ ಎಂದರೆ, ಮನೆಯ ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ‘ನೀನು ನನಗೆ ಸಂತೋಷ ಕೊಡುತ್ತೀಯಾ?’ ಎಂದು ಕೇಳಬೇಕು. ಕೊಡದಿದ್ದರೆ ಕೃತಜ್ಞತೆ ಹೇಳಿ ಕಳುಹಿಸಬೇಕು. ಮನೆಗೆ ಬಂದು ಕರೆಂಟ್ ಬಿಲ್ಲಿನಿಂದ ಶುರು ಮಾಡಿದೆ. ಅದು ಸಂತೋಷ ಕೊಡಲಿಲ್ಲ. ಕುಕ್ಕರಿನ ಹಳೆಯ ಗ್ಯಾಸ್ಕೆಟ್ ಮೌನವಾಗಿತ್ತು. ಆಧಾರ್ ಕಾರ್ಡನ್ನು ಹಿಡಿದು, ಅದರಲ್ಲಿರುವ ನನ್ನ ಭಾವಚಿತ್ರವನ್ನು ಒಂದು ನಿಮಿಷ ದಿಟ್ಟಿಸಿದೆ. ಈ ವಿದ್ಯೆಗೂ ಒಂದು ಮಿತಿ ಇದೆ ಎಂದು ಆಗ ಮನವರಿಕೆಯಾಯಿತು.

ನಿಜವಾದ ಪರೀಕ್ಷೆ ಅಟ್ಟದಲ್ಲಿತ್ತು. ಏಣಿಯ ಮೇಲೆ ನಾನು, ಏಣಿ ಹಿಡಿದು ಕೆಳಗೆ ಅಮ್ಮ. ಮೊದಲು ಕೈಗೆ ಸಿಕ್ಕಿದ್ದು ದೊಡ್ಡ ಸ್ಟೀಲ್ ತಪ್ಪಲೆ. ಒಳಗೆ ಇನ್ನೊಂದು ತಪ್ಪಲೆ, ಅದರೊಳಗೆ ಮತ್ತೊಂದು, ಅದರೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಪ್ಲಾಸ್ಟಿಕ್ ಕವರುಗಳು. ದೊಡ್ಡದರ ಕಂಠದ ಕೆಳಗೆ ಪಾತ್ರೆಯಂಗಡಿಯ ಯಂತ್ರ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳಿದ್ದವು: ‘ಸಪ್ರೇಮ ಕಾಣಿಕೆ, ಸೋದರತ್ತೆ, 12–5–83’. ‘ಕಾಣಿಕೆ’ಯ ‘ಣಿ’ ಬಿಟ್ಟುಹೋಗಿ, ಆಮೇಲೆ ನೆನಪಾಗಿ ಮೇಲೊಂದು ಪುಟ್ಟ ‘ಣಿ’ ಸೇರಿಸಿದ್ದರು. ಆ ಸೋದರತ್ತೆ ತೀರಿಕೊಂಡೇ ಇಪ್ಪತ್ತು ವರ್ಷವಾಗಿದೆ.

“ಇದನ್ನು ಕೊಟ್ಟುಬಿಡೋಣ ಅಮ್ಮ.”

“ಇರಲಿ ಬಿಡೋ, ಬೇಕಾಗುತ್ತದೆ.”

“ಯಾವುದಕ್ಕೆ?”

“ಯಾವುದಕ್ಕಾದರೂ.”

ಇದಕ್ಕೆ ಕೋಚ್ ಬಳಿ ಉತ್ತರವಿರಲಿಲ್ಲ, ನನ್ನ ಬಳಿ ಹಟವಿತ್ತು. ಮೂರೂ ತಪ್ಪಲೆ, ಎರಡನೆಯ ಮಿಕ್ಸಿ, ಬೆತ್ತದ ಕುರ್ಚಿ, ಹನ್ನೆರಡು ತಟ್ಟೆ, ಎಲ್ಲವೂ ಮನೆಗೆಲಸಕ್ಕೆ ಬರುವ ಲಕ್ಷ್ಮಮ್ಮನ ಮನೆ ಸೇರಿದವು. ಲಕ್ಷ್ಮಮ್ಮನದು ಒಂದೇ ಕೋಣೆಯ ಮನೆ, ಐದು ಜನ. ನಮ್ಮ ಮನೆ ಖಾಲಿಯಾದಷ್ಟೂ ಅವರ ಮನೆ ತುಂಬಿತು. ‘ಜಾಗ ಬಿಡುಗಡೆಯಾದಾಗ ಮನಸ್ಸೂ ಬಿಡುಗಡೆಯಾಗುತ್ತದೆ’ ಎಂದು ಡೈರಿಯ ಮೊದಲ ಪುಟದಲ್ಲೇ ಅಚ್ಚಾಗಿದೆ. ಯಾರ ಜಾಗ ಎಂದು ಅಚ್ಚಾಗಿಲ್ಲ.

ಲಕ್ಷ್ಮಮ್ಮನೂ ಒಲ್ಲೆನೆಂದ ವಸ್ತು ಒಂದೇ, ಹಳೆಯ ಹತ್ತಿ ಹಾಸಿಗೆ. ಕಸದ ಆಟೋದವನು “ಹಸಿಯೋ ಒಣದೋ?” ಎಂದು ಕೇಳಿದ. ಹಾಸಿಗೆ ಎರಡೂ ಅಲ್ಲವೆಂದು ಅವನೇ ತೀರ್ಪು ಕೊಟ್ಟು ಹೊರಟುಹೋದ. ನಮ್ಮ ಬಡಾವಣೆಯ ತಿರುವಿನಲ್ಲಿ, ಕಸ ಹಾಕದಿರಲಿ ಎಂದು ಪೌರಕಾರ್ಮಿಕರು ಗುಡಿಸಿ ರಂಗೋಲಿ ಬಿಡಿಸುವ ಒಂದು ಮೂಲೆಯಿದೆ. ರಾತ್ರಿ ಹತ್ತರ ನಂತರ ಅಲ್ಲಿಗೆ ಹೋದರೆ ವಿರಾಗಿಗಳ ದರ್ಶನವಾಗುತ್ತದೆ. ಕಾರಿನ ಡಿಕ್ಕಿ ತೆರೆದು, ಆಚೀಚೆ ನೋಡಿ, ರಂಗೋಲಿಯ ಮಧ್ಯಕ್ಕೆ ಸರಿಯಾಗಿ ಒಂದು ದಿಂಬನ್ನೋ ಮುರಿದ ಸೂಟ್‌ಕೇಸನ್ನೋ ತ್ಯಾಗ ಮಾಡಿ, ಹಗುರಾದ ಮನಸ್ಸಿನಿಂದ ಮರಳುತ್ತಾರೆ. ನಾನು ಹೇಗೆ ಬಲ್ಲೆ ಎಂದು ಕೇಳಬೇಡಿ. ಈ ಊರು ಬಿಟ್ಟದ್ದನ್ನೆಲ್ಲ ವರ್ಷಗಟ್ಟಲೆ ಹೊಟ್ಟೆಗೆ ಹಾಕಿಕೊಂಡ ಊರಾಚೆಯ ಹಳ್ಳಿ ಮಾವಳ್ಳಿಪುರ 2012ರಲ್ಲಿ ಇನ್ನು ಸಾಕೆಂದಿತು. ಮಂಡೂರಿನ ಜನ ಲಾರಿಗಳಿಗೆ ಅಡ್ಡ ನಿಂತು 2014ರಲ್ಲಿ ಕಸ ನಿಲ್ಲಿಸಿದರು. ಅವರಿಗೆ ಯಾರೂ ಕಾರ್ಯಾಗಾರ ನಡೆಸಿರಲಿಲ್ಲ.

ಇಷ್ಟಾದರೂ ಅಪರಿಗ್ರಹವನ್ನು, ಅಂದರೆ ಏನನ್ನೂ ಕೂಡಿಡದ ವ್ರತವನ್ನು, ಹಗುರವಾಗಿ ಕಾಣುವಂತಿಲ್ಲ, ಅದಕ್ಕೆ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಯಿದೆ. 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಜೇಬುಗಡಿಯಾರ, ಒಂದು ಬಟ್ಟಲು, ಒಂದು ತಟ್ಟೆ ಹರಾಜಿಗೆ ಬಂದವು. 18 ಲಕ್ಷ ಡಾಲರ್ ಕೊಟ್ಟು ಕೊಂಡವರು ನಮ್ಮ ಬೆಂಗಳೂರಿನ ಮದ್ಯದ ದೊರೆ ವಿಜಯ್ ಮಲ್ಯ. ಪಾನನಿರೋಧಕ್ಕಾಗಿ ಹೋರಾಡಿದ ಮುದುಕನ ತಟ್ಟೆಯ ಮಾನವನ್ನು ಬಿಯರಿನ ದುಡ್ಡು ಉಳಿಸಿತು. ಕೊಂಡ ವಸ್ತುಗಳ ಪ್ರಭಾವವೋ ಏನೋ, ಆ ಮಹಾನುಭಾವರು ಕ್ರಮೇಣ ಎಲ್ಲವನ್ನೂ ಬಿಡುತ್ತ ಬಂದರು. ಮೊದಲು ವಿಮಾನಗಳನ್ನು ಬಿಟ್ಟರು, 2016ರಲ್ಲಿ ದೇಶವನ್ನೇ ಬಿಟ್ಟರು, ಹೋಗುವಾಗ ಬ್ಯಾಂಕುಗಳ ಬಾಕಿಯನ್ನೂ ಜೊತೆಗೆ ಒಯ್ಯದೆ ಇಲ್ಲೇ ಬಿಟ್ಟರು.

ನನ್ನ ಸ್ನೇಹಿತನದು ಅಷ್ಟು ದೊಡ್ಡ ತ್ಯಾಗವಲ್ಲ. ಹೊಸ ಫ್ಲ್ಯಾಟಿಗೆ ಇಪ್ಪತ್ತು ಲಕ್ಷ ಸುರಿದು ಒಳಾಂಗಣ ಮಾಡಿಸಿದ. ಗೃಹಪ್ರವೇಶದ ದಿನ ಹೋದರೆ ಏನೂ ಇಲ್ಲ. ಬಿಳಿ ಗೋಡೆ, ಮೂಲೆಯಲ್ಲಿ ಒಂದು ಕುಂಡ. ನನಗೆ ನೀರು ಬೇಕಿತ್ತು. ಫ್ರಿಜ್ ಈ ಗೋಡೆಯಲ್ಲೇ ಎಲ್ಲೋ ಇದೆ ಎಂದರು. ಕಪಾಟುಗಳಿಗೆ ಹಿಡಿಕೆ ಇಟ್ಟರೆ ಕಣ್ಣಿಗೆ ಗದ್ದಲವಂತೆ, ಒತ್ತಿದರೆ ತೆರೆದುಕೊಳ್ಳುತ್ತವಂತೆ. ಒತ್ತುತ್ತಾ ಹೋದೆ. ಒಂದರಿಂದ ಚಪ್ಪಲಿಗಳು ಬಿದ್ದವು, ಇನ್ನೊಂದರಿಂದ ದೇವರೇ ಪ್ರತ್ಯಕ್ಷನಾದ, ದೀಪ ಸಮೇತ. ಮೂರನೆಯ ಬಾಗಿಲು ತೆಗೆದಾಗ ಸ್ನೇಹಿತನ ಮಾವ ಒಳಗೆ ಕುಳಿತು ಸಂಕಟದಿಂದ ನನ್ನನ್ನು ನೋಡಿದರು. ಅದು ಬಚ್ಚಲುಮನೆ. ಅದಕ್ಕೂ ಚಿಲಕವಿರಲಿಲ್ಲ.

ಇದನ್ನೆಲ್ಲ ಕಂಡಾಗ ಒಮ್ಮೊಮ್ಮೆ ಸಿಟ್ಟೂ ಬರುತ್ತದೆ. ಅಪ್ಪನ ಹರಿದ ಪಂಚೆ ನೆಲ ಒರೆಸುವ ಬಟ್ಟೆಯಾಗುತ್ತಿತ್ತು, ಎಣ್ಣೆ ಡಬ್ಬ ತುಳಸಿಯ ಕುಂಡವಾಗುತ್ತಿತ್ತು, ಮದುವೆ ಕರೆಯೋಲೆಯ ಖಾಲಿ ಬೆನ್ನಿನಲ್ಲಿ ದಿನಸಿ ಚೀಟಿ ಬರೆಯುತ್ತಿದ್ದೆವು. ಆಗ ಅದಕ್ಕೆ ಜಿಪುಣತನವೆಂದು ಹೆಸರಿತ್ತು, ಮರ್ಯಾದಸ್ಥರ ಎದುರು ಮುಚ್ಚಿಡಬೇಕಿತ್ತು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ಚಳಿಗೆ ಹೊದೆಯಲು. ಅಂಥದ್ದೇ ಒಂದು ಕೌದಿ ನಗರದ ಅಂಗಡಿಯೊಂದರಲ್ಲಿ ಚೌಕಟ್ಟಿನೊಳಗೆ ಗೋಡೆಗೆ ನೇತಾಡುತ್ತಿತ್ತು. ಬೆಲೆಚೀಟಿ ನೋಡಿ ನನಗೇ ಚಳಿ ಹಿಡಿಯಿತು.

ಕಾಗದಪತ್ರಗಳ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಇನ್ನೂ ಗಾಯ ಹಸಿಯಾಗಿದೆ. 1998ರಿಂದಿನ ಕಂದಾಯ ರಸೀದಿಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ರದ್ದಿಗೆ ಹಾಕಿದೆ. ಹತ್ತೇ ದಿನಕ್ಕೆ ಮನೆಯ ಖಾತೆಯ ಕೆಲಸ ಬಂತು. ಯಾವುದೋ ಒಂದು ಕಚೇರಿ, ಹೆಸರು ಬೇಡ. ಕಿಟಕಿಯ ಹಿಂದಿದ್ದವರು ಚಿತ್ರವನ್ನು ನೋಡಿ, “ಇದರ ಅಸಲು ತನ್ನಿ, ಜೊತೆಗೆ ಮೂರು ಸೆಟ್ ಜೆರಾಕ್ಸ್” ಎಂದರು. ಅಸಲು ಈಗ ಯಾವ ಗಾಡಿಯಲ್ಲಿ ಕಡಲೆಕಾಯಿ ಕಟ್ಟಿಸಿಕೊಳ್ಳುತ್ತಿದೆಯೋ. ಇತ್ತ ಮೊಬೈಲ್ ಕೂಡ ತುಂಬಿದೆ, ಇನ್ನಷ್ಟು ಜಾಗ ಬೇಕಿದ್ದರೆ ತಿಂಗಳಿಗಿಷ್ಟು ಕಟ್ಟಿ ಎಂದು ದಿನಾ ಸಂದೇಶ. ಮನೆಯ ಅಟ್ಟಕ್ಕಾದರೆ ಬಾಡಿಗೆ ಇರಲಿಲ್ಲ.

ಹೋದ ಭಾನುವಾರ ಊರಿನಿಂದ ಹದಿನಾಲ್ಕು ಜನ ಬಂದಿಳಿದರು. ಮದುವೆಗೆ ಬಂದವರು, ‘ಹಾಗೇ ನೋಡಿಕೊಂಡು ಹೋಗೋಣ’ ಎಂದು. ಅಡುಗೆಮನೆಯಲ್ಲಿ ನಾಲ್ಕು ತಟ್ಟೆ, ಎರಡು ಲೀಟರಿನ ಒಂದು ಕುಕ್ಕರ್, ಬಿದಿರಿನ ಮುಚ್ಚಳದ 24 ಜಾಡಿ. ಅಮ್ಮ ಏನೂ ಹೇಳಲಿಲ್ಲ. ಬಾಗಿಲ ಬಳಿ ನಿಂತು ನನ್ನ ಚಪ್ಪಲಿಯತ್ತ ನೋಡಿದರು, ಅಷ್ಟೇ. ನಾನು ಲಕ್ಷ್ಮಮ್ಮನ ಮನೆಗೆ ಓಡಿದೆ.

ಲಕ್ಷ್ಮಮ್ಮ ಮಂಚದ ಅಡಿಯಿಂದ ತಪ್ಪಲೆ ಎಳೆದರು. ಒಳಗಿನ ಅಕ್ಕಿಯನ್ನು ಚೀಲಕ್ಕೆ ಸುರಿದು, ಸೆರಗಿನಿಂದ ಒರೆಸಿ, ಹನ್ನೆರಡು ತಟ್ಟೆಗಳನ್ನು ಎಣಿಸಿ ಅದರೊಳಗಿಟ್ಟು ಕೊಟ್ಟರು. ಸೋದರತ್ತೆಯ ಚುಕ್ಕಿ ಅಕ್ಷರಗಳ ಪಕ್ಕದಲ್ಲಿ ಈಗ ಉಗುರುಬಣ್ಣದ ಕೆಂಪು ಬೊಟ್ಟೊಂದು ಇತ್ತು. ತಟ್ಟೆಗಳ ತಳದಲ್ಲೂ ಇತ್ತು.

“ಅಕ್ಕಪಕ್ಕದವರು ಇಸಿದುಕೊಂಡು ಹೋದರೆ ಅದಲುಬದಲಾಗುತ್ತದಲ್ಲ ಸಾರ್, ಅದಕ್ಕೇ ಗುರುತು. ನಾಳೆ ಸಂಜೆಯೊಳಗೆ ತಂದುಕೊಡಿ. ಎದುರುಮನೆಯವರು ನಾಮಕರಣಕ್ಕೆ ಕೇಳಿದ್ದಾರೆ.”