ಇದಕ್ಕೂ ನಗಬೇಕಾ?

ನಿನ್ನೆ ರಾತ್ರಿ ‘ಸೊರಾರಿಟಿ ಬಾಯ್ಸ್’ ನೋಡಿ ತಲೆ ಕೆಟ್ಟುಹೋಯಿತು. 2002ರ ಅಮೆರಿಕದ ಕಾಲೇಜು ಕಾಮಿಡಿ. ವಿಮರ್ಶಕರು ಆಗಲೇ ಬೈದಿದ್ದರು, ಬೈದಿದ್ದು ಸರಿಯೇ.

ಹಣ ಕದ್ದ ಆರೋಪ ಹೊತ್ತ ಮೂವರು ಹುಡುಗರು ವಿಗ್ ಹಾಕಿ, ಲಿಪ್‌ಸ್ಟಿಕ್ ಬಳಿದುಕೊಂಡು ಸೊರಾರಿಟಿ, ಅಂದರೆ ಕಾಲೇಜು ಹುಡುಗಿಯರ ಸಂಘದ ಮನೆ ಸೇರುತ್ತಾರೆ. ಮನೆಯ ಹೆಸರು ಡೆಲ್ಟಾ ಓಮಿಕ್ರಾನ್ ಗಾಮಾ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಓದಿ: ಡಾಗ್. ನಾಯಿ! ಅಲ್ಲಿರೋ ಹುಡುಗಿಯರು ಚೆಂದವಿಲ್ಲ ಅನ್ನೋದೇ ಇವರ ಜೋಕು.

ನಾನೂ ಮೂರು ವರ್ಷ ಹಾಸ್ಟೆಲಿನಲ್ಲಿದ್ದವಳು. ಒಂದು ಬಕೆಟ್ ಬಿಸಿನೀರಿಗೆ ಜಗಳ, ಪರೀಕ್ಷೆ ಹಿಂದಿನ ರಾತ್ರಿ ಒಂದೇ ಮಂಚದ ಮೇಲೆ ನಾಲ್ಕು ಜನ. ಹೊಟ್ಟೆ ಹುಣ್ಣಾಗುವಷ್ಟು ನಗು ಅಲ್ಲೇ ಇತ್ತು. ಅದನ್ನೆಲ್ಲ ಬಿಟ್ಟು ಹುಡುಗಿಯರ ಮುಖ, ಮೈಕಟ್ಟೇ ಬೇಕಿತ್ತಾ? ಹುಡುಗಿಯರ ಕಷ್ಟ ಏನು ಅಂತ ಹೇಳೋಕೂ ಸೀರೆ ಉಟ್ಟ ಗಂಡಸಿನಂಥ ವೇಷವೇ ಬೇಕಾ?