ಕೋಲಾರದ ಬಂಡೆಗೆ ಕಂಟ್ರೋಲ್ ಝಡ್

ಭಾನುವಾರ ಬೆಳಗ್ಗೆ ಅಂತರಗಂಗೆಯ ಮೆಟ್ಟಿಲ ಬುಡದಲ್ಲಿ ಬೋರ್ಡು ಒರಗಿಸಿಕೊಂಡು ವಾಟರ್ ಕಲರ್ ಬರೆಯಲು ಕೂತವರಿಗೆ ಗಾಳಿ, ಬಿಸಿಲು ದೊಡ್ಡ ವಿಷಯವಲ್ಲ. ಗಾಳಿಗೆ ಕ್ಲಿಪ್ಪಿದೆ, ಬಿಸಿಲಿಗೆ ಬಂಡೆಯ ನೆರಳಿದೆ. ಕೋತಿಗೆ ಮಾತ್ರ ಪರಿಹಾರವಿಲ್ಲ. ಬ್ರಶ್ ತೊಳೆದ ನೀರನ್ನು ಕಾಫಿ ಅಂದುಕೊಂಡು ಮಗ್ಗು ಸಮೇತ ಎತ್ತಿಕೊಂಡು ಹೋಗುತ್ತದೆ, ರುಚಿ ನೋಡಿ ಮುಖ ಕಿವುಚುತ್ತದೆ, ಆಮೇಲೆ ಮಗ್ಗನ್ನು ಚಿತ್ರದ ಮೇಲೇ ಬಿಸಾಕುತ್ತದೆ. ಇಂಥ ಹೊತ್ತಿಗೆ ಸರಿಯಾಗಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಳಿಯನೊಬ್ಬ ಊರಿಗೆ ಬಂದಿರುತ್ತಾನೆ. “ಮಾವಾ, ಇದೆಲ್ಲ ಯಾಕೆ? ಡಿಜಿಟಲ್‌ಗೆ ಬಂದ್ಬಿಡಿ. ನೀರು ಬೇಡ, ಪೇಪರ್ ಬೇಡ, ತಪ್ಪಾದ್ರೆ ಕಂಟ್ರೋಲ್ ಝಡ್, ಅಷ್ಟೇ.” ಅವನು ಹೇಳುವುದೆಲ್ಲ ನಿಜ. ಹೇಳದೆ ಉಳಿಸಿದ್ದು ಬಹಳ ಇದೆ.

ಮೊದಲು ಸಾಮಾನಿನ ಮಾತು. ರಬ್ಬರ್ ತುದಿಯ ಅಗ್ಗದ ಸ್ಟೈಲಸ್ ತಂದು ಮೊಬೈಲಿನಲ್ಲೇ ಶುರು ಹಚ್ಚಿಕೊಳ್ಳೋಣ ಅಂತ ಹೊರಡುವವರೇ ಹೆಚ್ಚು. ಆ ಸ್ಟೈಲಸ್ ಮಾಡುವುದೆಲ್ಲ ಬೆರಳಿನ ಕೆಲಸವನ್ನೇ. ಒತ್ತಿ ಬರೆದರೂ ಸವರಿ ಬರೆದರೂ ಗೆರೆಯ ದಪ್ಪ ಒಂದೇ. ಕೈಯ ಒತ್ತಡ ತಿಳಿಯುವ ಪೆನ್ನು ಬೇಕಾದರೆ ಕಂಪ್ಯೂಟರಿಗೆ ಸಿಕ್ಕಿಸುವ, ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್ಟೇ ಕೈಗೆಟುಕುವ ದಾರಿ. ವಾಕಾಮ್, ಹುಯಿಯಾನ್, ಎಕ್ಸ್‌ಪಿ-ಪೆನ್ ಯಾವುದಾದರೂ ಆದೀತು. ಹವ್ಯಾಸಕ್ಕೆ ಸಾಕಾಗುವಂಥದ್ದು ಹೆಚ್ಚುಕಮ್ಮಿ 3,000ದಿಂದ 6,000 ರೂಪಾಯಿಯೊಳಗೆ ಬರುತ್ತದೆ. ಡಬ್ಬಿಯ ಮೇಲೆ ಒತ್ತಡದ ಮಟ್ಟ 8,192 ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದಕ್ಕೂ 2,048ಕ್ಕೂ ಇರುವ ವ್ಯತ್ಯಾಸ ನಮ್ಮಂಥವರ ಕೈಗೆ ಗೊತ್ತಾಗುವುದಿಲ್ಲ, ಅದಕ್ಕೆ ಮರುಳಾಗಬೇಡಿ. ನೋಡಬೇಕಾದ್ದು ಅಳತೆ. ಮಣಿಕಟ್ಟಿನಿಂದ ಸಣ್ಣದಾಗಿ ಬರೆಯುವವರಿಗೆ 6×4 ಇಂಚು ಸಾಕು. ಬೋರ್ಡಿನ ಮೇಲೆ ಭುಜದಿಂದ ಗೆರೆ ಎಳೆದು ರೂಢಿಯಾದವರಿಗೆ 10×6 ಬೇಕೇ ಬೇಕು, ಇಲ್ಲದಿದ್ದರೆ ಬೀಸಿದ ಕೈ ಟ್ಯಾಬ್ಲೆಟ್ ದಾಟಿ ಪಕ್ಕದ ಟೀ ಲೋಟಕ್ಕೆ ಬಡಿಯುತ್ತದೆ. ಸಾಫ್ಟ್‌ವೇರಿಗೆ ದುಡ್ಡು ಹಾಕಬೇಕಾಗಿಲ್ಲ, ಕ್ರಿಟಾ ಪುಕ್ಕಟೆ ಸಿಗುತ್ತದೆ, ಒಳ್ಳೆಯದೂ ಹೌದು.

ಇನ್ನು ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ. ಡ್ರಾಯಿಂಗ್ ಹೈಯರ್ ಗ್ರೇಡ್ ಪಾಸಾದವರ ಗೆರೆಯೂ ಮೊದಮೊದಲು ಓಡುವ ಬಸ್ಸಿನಲ್ಲಿ ನಿಂತು ಹಾಕಿದ ಸಹಿಯಂತೆ ಬರುತ್ತದೆ. ಇದಕ್ಕೆ ಚಿತ್ರ ಬರೆಯುವುದು ಮದ್ದಲ್ಲ. ಪುಟದ ತುಂಬ ಚುಕ್ಕಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ಒಂದೇ ಎಳೆತದಲ್ಲಿ ಗೆರೆ ಹಾಕುತ್ತಾ ಹೋಗಬೇಕು. ದಿನಕ್ಕೆ ಕಾಲು ಗಂಟೆಯಂತೆ ಎರಡು ವಾರ ಮಾಡಿದರೆ ಕೈ ಕಣ್ಣಿನ ಮಾತು ಕೇಳತೊಡಗುತ್ತದೆ. ಅಷ್ಟಾದರೂ ಗೆರೆ ವಾಲುತ್ತಿದ್ದರೆ ಟ್ಯಾಬ್ಲೆಟ್ ಇಟ್ಟ ರೀತಿ ನೋಡಿ. ಕೀಬೋರ್ಡಿಗೆ ಜಾಗ ಬಿಟ್ಟು ಅದನ್ನು ಬಲಕ್ಕೆ ತಳ್ಳಿ ವಾರೆಯಾಗಿ ಇಟ್ಟಿರುತ್ತಾರೆ. ಟ್ಯಾಬ್ಲೆಟ್ 10 ಡಿಗ್ರಿ ತಿರುಗಿದ್ದರೆ ನೀವು ನೇರ ಎಳೆದ ಗೆರೆಯೂ 10 ಡಿಗ್ರಿ ವಾಲುತ್ತದೆ. ಪರದೆಯ ನಡುವಿಗೆ ನೇರವಾಗಿ ಟ್ಯಾಬ್ಲೆಟ್ ಇರಲಿ, ಪಕ್ಕಕ್ಕೆ ಹೋಗಬೇಕಾದ್ದು ಕೀಬೋರ್ಡು.

ಸೋಮೇಶ್ವರ ದೇವಸ್ಥಾನದ ಗೋಪುರ ಬರೆದಾಗ ಅದು ಊಟ ಮಾಡಿ ಎದ್ದಷ್ಟು ದಪ್ಪಗೆ ಕಂಡರೆ ಅದರ ಕಾರಣ ಬೇರೆ. 6×4ರ ಟ್ಯಾಬ್ಲೆಟ್ಟಿನ ಅಗಲ ಎತ್ತರದ ಒಂದೂವರೆ ಪಟ್ಟು. ಈಗಿನ ಮಾನಿಟರು 16:9, ಅಂದರೆ ಸುಮಾರು 1.78 ಪಟ್ಟು. ಇಡೀ ಟ್ಯಾಬ್ಲೆಟ್ಟನ್ನು ಇಡೀ ಪರದೆಗೆ ಹೊಂದಿಸಿದರೆ ಎಲ್ಲವೂ ಅಡ್ಡಕ್ಕೆ ಶೇ 18ರಷ್ಟು ಹಿಗ್ಗುತ್ತದೆ, ವೃತ್ತ ಬರೆದರೆ ಮೊಟ್ಟೆ ಬರುತ್ತದೆ. ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಹೊಂದಿಸುವ ಸಾಫ್ಟ್‌ವೇರ್, ಅಂದರೆ ಡ್ರೈವರಿನ ಸೆಟ್ಟಿಂಗಿನಲ್ಲಿ ಅನುಪಾತ ಕಾಪಾಡುವ ಆಯ್ಕೆಗೆ ಟಿಕ್ ಹಾಕಿದರೆ ಟ್ಯಾಬ್ಲೆಟ್ಟಿನ ಒಂದಂಚು ಕೆಲಸಕ್ಕೆ ಬಾರದೆ ಹೋಗುತ್ತದೆ ನಿಜ, ಆದರೆ ಗೋಪುರ ಗೋಪುರವಾಗಿಯೇ ಉಳಿಯುತ್ತದೆ. ಎರಡು ಮಾನಿಟರ್ ಇಟ್ಟುಕೊಂಡವರು ಟ್ಯಾಬ್ಲೆಟ್ಟನ್ನು ಒಂದಕ್ಕೆ ಮಾತ್ರ ಕಟ್ಟಿಹಾಕಬೇಕು, ಇಲ್ಲದಿದ್ದರೆ ಗೋಪುರ ಕಲ್ಯಾಣ ಮಂಟಪವಾಗುತ್ತದೆ.

ವಿಂಡೋಸಿನ ಉಪಕಾರಗಳೂ ಒಂದಷ್ಟಿವೆ. ಪೆನ್ನನ್ನು ಒಂದು ಕ್ಷಣ ಒಂದೇ ಕಡೆ ಊರಿದರೆ ಸುತ್ತ ಒಂದು ಉಂಗುರ ಮೂಡಿ, ಗೆರೆಯ ಬದಲು ರೈಟ್ ಕ್ಲಿಕ್ಕಿನ ಮೆನು ಬಂದು ನಿಲ್ಲುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ‘ಪೆನ್ ಆ್ಯಂಡ್ ಟಚ್’ನಲ್ಲಿ ‘ಪ್ರೆಸ್ ಆ್ಯಂಡ್ ಹೋಲ್ಡ್’ ಅನ್ನುವುದನ್ನು ತೆರೆದು ಟಿಕ್ ತೆಗೆದರೆ ಈ ಕಾಟ ಮುಗಿಯಿತು. ಗೆರೆಯೆಲ್ಲ ಒಂದೇ ದಪ್ಪಕ್ಕೆ ಬರುತ್ತಿದ್ದರೆ ಅಂಗಡಿಯವನಿಗೆ ಫೋನ್ ಮಾಡಿ ಜಗಳ ತೆಗೆಯುವ ಮುಂಚೆ ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗಿನಲ್ಲಿ ಪೆನ್ನನ್ನು ಓದುವ ವಿಧಾನ ವಿನ್‌ಟ್ಯಾಬ್ ಇದ್ದರೆ ವಿಂಡೋಸ್ ಇಂಕ್‌ಗೆ, ವಿಂಡೋಸ್ ಇಂಕ್ ಇದ್ದರೆ ವಿನ್‌ಟ್ಯಾಬ್‌ಗೆ ಬದಲಿಸಿ ನೋಡಿ. ಹಳೇ ಕಂಪನಿಯ ಡ್ರೈವರ್ ತೆಗೆಯದೆ ಹೊಸದನ್ನು ಹಾಕಿದರೆ ಎರಡೂ ಸೇರಿ ಪೆನ್ನನ್ನು ಅತ್ತಿತ್ತ ಎಳೆದಾಡುತ್ತವೆ. ಮೊದಲಿನದನ್ನು ಪೂರ್ತಿ ಕಿತ್ತು ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿಯೇ ಮುಂದಿನದು. ಶಾರ್ಟ್‌ಕಟ್‌ಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದವೇ? ಸಂಘದ ಆಹ್ವಾನ ಪತ್ರಿಕೆ ಟೈಪ್ ಮಾಡಿದ ಮೇಲೆ ಕನ್ನಡ ಕೀಬೋರ್ಡ್ ಹಾಗೇ ಉಳಿದಿರುತ್ತದೆ.

ಪೆನ್ನಿನ ನಿಬ್ಬು ಪ್ಲಾಸ್ಟಿಕ್ಕಿನದು, ಸವೆಯುತ್ತದೆ. ಕಾಗದದ ಹಿತ ಬೇಕು ಅಂತ ಟ್ಯಾಬ್ಲೆಟ್ಟಿನ ಮೇಲೆ ಕಾರ್ಟ್ರಿಡ್ಜ್ ಶೀಟು ಅಂಟಿಸುವವರಿದ್ದಾರೆ. ಹಿತವೇನೋ ಇರುತ್ತದೆ, ನಿಬ್ಬು ಮಾತ್ರ ಇನ್ನೂ ಬೇಗ ಸವೆಯುತ್ತದೆ. ತುದಿ ಓರೆಯಾಗಿ ಉಳಿಯ ಹಾಗೆ ಚೂಪಾದರೆ ಟ್ಯಾಬ್ಲೆಟ್ ಮೇಲೆ ಗೀರು ಬೀಳುತ್ತದೆ, ಅಷ್ಟರೊಳಗೆ ಬದಲಿಸಿ. ಬೆವರಿದ ಅಂಗೈ ಜಾರದಿರಲಿ ಅಂತ ಕಿರುಬೆರಳು, ಉಂಗುರ ಬೆರಳಿಗೆ ಮಾತ್ರ ಇರುವ ಅರೆ ಗ್ಲೌಸ್ ಹಾಕುವುದು ವಾಡಿಕೆ. ಉಪಯೋಗ ಇದೆ. ಆದರೆ ಅದನ್ನು ಹಾಕಿಕೊಂಡು ಬಾಗಿಲು ತೆರೆದರೆ ಹಾಲು ಕೊಡಲು ಬಂದವರಿಂದ ಹಿಡಿದು ಎದುರು ಮನೆ ಅಜ್ಜಿಯವರೆಗೂ “ಅಯ್ಯೋ, ಕೈಗೇನಾಯ್ತಪ್ಪಾ, ಸುಟ್ಕೊಂಡ್ಯಾ?” ಅನ್ನದೆ ಹೋಗುವುದಿಲ್ಲ.

ಇಷ್ಟೂ ಸಣ್ಣ ಪುಟ್ಟ ರಗಳೆ. ದೊಡ್ಡ ತಕರಾರು ಬಣ್ಣದ್ದು. ಹಳದಿಗೆ ನೀಲಿ ಬೆರೆಸಿದರೆ ಹಸಿರು ಅಂತ ಡ್ರಾಯಿಂಗ್ ಮೇಷ್ಟ್ರು ಹೇಳಿಕೊಟ್ಟಿದ್ದನ್ನು ಯಾರೂ ಮರೆತಿರುವುದಿಲ್ಲ. ಪರದೆಯ ಮೇಲೆ ಅಚ್ಚ ಹಳದಿಯ ಮೇಲೆ ಅಚ್ಚ ನೀಲಿಯನ್ನು ಅರ್ಧಕ್ಕರ್ಧ ಬೆರೆಸಿ ನೋಡಿ: ಬೂದಿ ಬಣ್ಣ ಬರುತ್ತದೆ. ಸಾಫ್ಟ್‌ವೇರ್ ಕೆಟ್ಟಿಲ್ಲ. ಅಲ್ಲಿ ಬಣ್ಣ ಅಂದರೆ ಕೆಂಪು, ಹಸಿರು, ನೀಲಿ ಬೆಳಕಿನ ಮೂರು ಅಂಕಿ. ಹಳದಿ 255, 255, 0. ನೀಲಿ 0, 0, 255. ಸರಾಸರಿ ತೆಗೆದರೆ ಮೂರೂ ಸುಮಾರು 128, ಅದು ಬೂದಿಯೇ. ಪ್ಯಾಲೆಟ್ಟಿನಲ್ಲಿ ಕಲಸುವ ಚಟ ಬಿಟ್ಟು, ಬೇಕಾದ ಹಸಿರನ್ನು ಬಣ್ಣದ ಚಕ್ರದಿಂದ ನೇರವಾಗಿ ಆರಿಸಿಕೊಳ್ಳುವುದೊಂದೇ ಸುಲಭದ ದಾರಿ.

ವಾಟರ್ ಕಲರಿನವರಿಗೆ ಇನ್ನೂ ಎರಡು ಪೆಟ್ಟು ಕಾದಿರುತ್ತದೆ. ಒದ್ದೆ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆಂದು ಒಂದು ಪಟ್ಟು ಗಾಢವಾಗಿಯೇ ಹಚ್ಚುವ ಕೈ ಅವರದು; ಪರದೆಯ ಮೇಲೆ ಒಣಗುವುದು ಅಂತೇನಿಲ್ಲ, ಹಚ್ಚಿದ ಕತ್ತಲು ಕತ್ತಲಾಗಿಯೇ ಇರುತ್ತದೆ. ಬಿಳಿ ಬೇಕಾದ ಕಡೆ ಕಾಗದ ಬಿಟ್ಟುಕೊಂಡು, ತಿಳಿಯಿಂದ ಗಾಢಕ್ಕೆ ಹೋಗುವ ಕ್ರಮವೂ ಅವರದೇ. ಡಿಜಿಟಲ್ ಬ್ರಶ್ಶುಗಳಲ್ಲಿ ಹೆಚ್ಚಿನವು ಪೋಸ್ಟರ್ ಕಲರಿನ ಜಾತಿಯವು: ನಡುಬಣ್ಣದ ಮೇಲೆ ಗಾಢ, ಕಡೆಯಲ್ಲಿ ಬೆಳಕು. ಅದಕ್ಕೇ ಅಂಗಡಿ ಬೋರ್ಡು ಬರೆದವರು, ಎಣ್ಣೆ ಬಣ್ಣದವರು ಬೇಗ ಹೊಂದಿಕೊಳ್ಳುತ್ತಾರೆ. ವಾಟರ್ ಕಲರಿನಲ್ಲಿ ಹೆಸರು ಮಾಡಿದವರು ಮೂಲೆಯಲ್ಲಿ ಬಿಳಿ ಜಾಗ ಬಿಟ್ಟುಕೊಂಡು ಒದ್ದಾಡುತ್ತಿರುತ್ತಾರೆ.

ಚಿನ್ನದ ಕತೆ ಕೇಳಿ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಪರದೆಯ ಮೇಲೆ ಚಿನ್ನ ಎಂದೂ ಸಿಕ್ಕಿಲ್ಲ. ಬಾಟಲಿಯ ಗೋಲ್ಡ್ ಪೇಂಟಿನಲ್ಲಿ ಮಿನುಗುವ ಪುಡಿ ಇರುತ್ತದೆ, ತಲೆ ಅಲ್ಲಾಡಿಸಿದರೆ ಹೊಳಪೂ ಸರಿಯುತ್ತದೆ. ಪರದೆಯ ಚುಕ್ಕಿ ಎಲ್ಲ ಕಡೆಗೂ ಒಂದೇ ಬೆಳಕು ಬೀರುತ್ತದೆ. ಬಣ್ಣದ ಚಕ್ರದಲ್ಲಿ ಚಿನ್ನ ಹುಡುಕಿದವರಿಗೆ ಕಡೆಗೆ ದಕ್ಕುವುದು ಸಾಸಿವೆ. ದೇವಿಯ ಒಡವೆಗೆ ಹೊಳಪು ತರಬೇಕಾದರೆ 75, 45, 10ರ ಕಡುಕಂದು ತಳ, ಅದರ ಮೇಲೆ 190, 135, 30, ಬೆಳಕು ಬೀಳುವ ಅಂಚಿಗೆ ಮಾತ್ರ ಕೂದಲೆಳೆಯಷ್ಟು 255, 240, 170, ಒಂದೆರಡು ಕಡೆ ಬಿಳಿ ಚುಕ್ಕಿ. ಹೊಳಪು ಕಾಣಿಸುವುದು ಪಕ್ಕದಲ್ಲಿರುವ ಕತ್ತಲೆಯಿಂದ. ಹಳದಿ ಜಾಸ್ತಿ ಸುರಿದಷ್ಟೂ ಸರ ಪ್ಲಾಸ್ಟಿಕ್ ಆಗುತ್ತದೆ.

ರಾತ್ರಿ ಊಟವಾದ ಮೇಲೆ ಬರೆಯುವವರು ಪರದೆಯ ನೈಟ್ ಲೈಟ್ ಆಫ್ ಮಾಡಿದ್ದೀರಾ ನೋಡಿಕೊಳ್ಳಿ. ಅದು ಪರದೆಯನ್ನೆಲ್ಲ ಹಳದಿ ಮಾಡಿರುತ್ತದೆ, ಕಣ್ಣು ಅದನ್ನು ಸರಿಮಾಡಲು ಹೋಗಿ ನೀಲಿಯನ್ನು ಕೇಳುತ್ತಾ ಹೋಗುತ್ತದೆ. ಬೆಳಗ್ಗೆ ನೋಡಿದರೆ ಅಂತರಗಂಗೆ ಬಂಡೆಗೆ ಹಿಮಾಲಯದ ಚಳಿ ಹಿಡಿದಿರುತ್ತದೆ.

ಗಾಜಿನ ಹಾಳೆಯಂತೆ ಒಂದರ ಮೇಲೊಂದು ಕೂರುವ ಲೇಯರಿನ ಉಪಕಾರ ಬಹಳ, ಉಪದ್ರವವೂ ಅಷ್ಟೇ. ಅಳಿಸಿದರೂ ಗೆರೆ ಅಳಿಯುತ್ತಿಲ್ಲವೆಂದರೆ ನೀವು ಅಳಿಸುತ್ತಿರುವುದು ಬೇರೆ ಲೇಯರನ್ನು. ಬ್ರಶ್ ಹಚ್ಚಿದ ಕಡೆ ಬಣ್ಣ ಮಾಯವಾಗುತ್ತಿದ್ದರೆ ಕ್ರಿಟಾದಲ್ಲಿ ಕೈತಪ್ಪಿ ‘ಇ’ ಕೀ ಒತ್ತಿದ್ದೀರಿ, ಬ್ರಶ್ಶು ರಬ್ಬರ್ ಆಗಿದೆ. ಎಲ್ಲಿ ಹಚ್ಚಿದರೂ ಏನೂ ಬೀಳುತ್ತಿಲ್ಲವಾದರೆ ಯಾವುದೋ ಮೂಲೆಯಲ್ಲಿ ಸಣ್ಣ ಸೆಲೆಕ್ಷನ್ ಉಳಿದಿರುತ್ತದೆ. ಕಂಟ್ರೋಲ್ ಶಿಫ್ಟ್ ‘ಎ’ ಒತ್ತಿ ಅದನ್ನು ಬಿಡಿಸಿ. ‘ಲೇಯರ್ 27’ ಅಂತ ಬಿಡದೆ ‘ಆಕಾಶ’, ‘ಬಂಡೆ’, ‘ಹುಣಸೆ ಮರ’ ಅಂತ ಹೆಸರಿಡಿ. ಎಲ್ಲಕ್ಕೂ ಒಂದೊಂದು ಲೇಯರ್ ಮಾಡುವ ಧಾರಾಳವೂ ಬೇಡ: 300 ಡಿಪಿಐನ (ಇಂಚಿಗೆ 300 ಚುಕ್ಕಿಯ) ಎ4 ಹಾಳೆ ಅಂದರೆ 2480×3508 ಪಿಕ್ಸೆಲ್, ತುಂಬಿದ ಒಂದು ಲೇಯರಿಗೆ ಸುಮಾರು 35 ಎಂಬಿ. ಇಪ್ಪತ್ತು ಲೇಯರಿಗೆ 700. ಹಳೇ ಲ್ಯಾಪ್‌ಟಾಪಿನ ಫ್ಯಾನು ಜೋರಾಗಿ ಕೂಗಲು ಶುರುಮಾಡುವುದು ಅಲ್ಲಿಂದಲೇ.

ಕೋಲಾರದವರಾದ ಮೇಲೆ ಎಪಿಎಂಸಿಯ ಟೊಮೇಟೊ ಬಾಕ್ಸ್ ಬರೆಯದೆ ಇರಲಾಗದು. 15 ಕೆಜಿ ಬಾಕ್ಸು, ಮೇಲುಗಡೆ ಕಾಣುವ ಹಣ್ಣೇ ನಲವತ್ತು ಐವತ್ತು. ಕಾಗದದ ಮೇಲಾದರೆ ಒಂದೊಂದನ್ನೂ ಬರೆಯಬೇಕು. ಇಲ್ಲಿ ಒಂದನ್ನು ಚೆಂದವಾಗಿ ಬರೆದು ಕಾಪಿ, ಪೇಸ್ಟ್. ಎಲ್ಲ ಹಣ್ಣಿನ ತೊಟ್ಟೂ ಒಂದೇ ಕಡೆಗೆ ತಿರುಗಿರುತ್ತದೆ, ಎಲ್ಲದರ ನೆತ್ತಿಯ ಬಿಳಿ ಹೊಳಪೂ ಒಂದೇ ಜಾಗದಲ್ಲಿ. ಡ್ರಿಲ್ ಪೀರಿಯಡ್ಡಿಗೆ ನಿಲ್ಲಿಸಿದ ಟೊಮೇಟೊ. ಇದು ಕಣ್ಣಿಗೆ ಬಿದ್ದ ಮೇಲೆ ಅರ್ಧ ಹಣ್ಣನ್ನು ಕನ್ನಡಿಯಂತೆ ತಿರುಗಿಸುತ್ತಾರೆ. ಆಗ ಹೊಳಪೂ ತಿರುಗಿ, ಒಂದೇ ಬಾಕ್ಸಿಗೆ ಎರಡು ಸೂರ್ಯ ಹುಟ್ಟುತ್ತಾನೆ. ಮಾಡಬೇಕಾದ್ದು ಇಷ್ಟು: ಹೊಳಪು, ನೆರಳು ಇಲ್ಲದ ಬರೀ ಹಣ್ಣನ್ನು ನಾಲ್ಕು ಬಗೆಯಲ್ಲಿ ಬರೆದುಕೊಂಡು, ಅವನ್ನು ತಿರುಗಿಸಿ, ಹಿಗ್ಗಿಸಿ ಜೋಡಿಸಿ. ಬೆಳಕನ್ನು ಕಡೆಯಲ್ಲಿ ಬೇರೆ ಲೇಯರಿನಲ್ಲಿ ಕೈಯಿಂದಲೇ ಹಾಕಿ. ಮುಂದಿನ ಸಾಲಿನ ಹತ್ತು ಹಣ್ಣನ್ನಂತೂ ಕಾಪಿ ಮಾಡಲೇಬೇಡಿ.

ಬ್ರಶ್ಶುಗಳ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ಪುಕ್ಕಟೆ ಸಿಗುತ್ತವೆಂದು ಐನೂರು ಬ್ರಶ್ ಇಳಿಸಿಕೊಳ್ಳುವುದು, ಅವನ್ನು ಪರೀಕ್ಷಿಸುವುದರಲ್ಲೇ ತಿಂಗಳು ಕಳೆಯುವುದು ಚಿತ್ರ ಬರೆಯುವ ಹವ್ಯಾಸವೇ ಅಲ್ಲ. ಅಂಚು ಗಟ್ಟಿಯಿರುವ ಒಂದು ದುಂಡು ಬ್ರಶ್, ಸ್ವಲ್ಪ ತರಿಯಿರುವ ಒಂದು ಚಪ್ಪಟೆ ಬ್ರಶ್ ಸಾಕು. ಮೆತ್ತನೆಯ ಏರ್‌ಬ್ರಶ್ ಇದೆಯಲ್ಲ, ಅದನ್ನು ಮೊದಲ ಆರು ತಿಂಗಳು ಬಚ್ಚಿಡಿ. ಅದರಲ್ಲಿ ಸವರಿದ ಮುಖಕ್ಕೆ ಮೂಳೆ ಇರುವುದಿಲ್ಲ, ಸುಕ್ಕಿರುವುದಿಲ್ಲ. ಸರ್ಕಲ್ಲಿನ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಮುಖಂಡರಾಗುತ್ತಾರೆ ನಿಮ್ಮ ತಾತ.

ಕಾಗದಕ್ಕೊಂದು ಗುಣವಿತ್ತು: ಮೂರು ಸಲ ತಿದ್ದಿದರೆ ಜುಂಗು ಎದ್ದು, ಸಾಕು ಬಿಡಪ್ಪಾ ಅನ್ನುತ್ತಿತ್ತು. ಪರದೆ ಹಾಗೆಂದೂ ಹೇಳುವುದಿಲ್ಲ. ಕಂಟ್ರೋಲ್ ಝಡ್ ಒತ್ತಿ ಒತ್ತಿ ಒಂದೇ ಬಂಡೆಯ ಅಂಚನ್ನು ಸಂಜೆಯವರೆಗೂ ಎಳೆಯಬಹುದು; ಶೇ 800ಕ್ಕೆ ಝೂಮ್ ಮಾಡಿ, ಎಂಟು ಮೈಲಿ ಆಚೆಯ ಹುಣಸೆ ಮರಕ್ಕೆ ಎಲೆ ಎಣಿಸಬಹುದು. ಓವರ್‌ವ್ಯೂ ಕಿಟಕಿಯನ್ನು ಮೂಲೆಯಲ್ಲಿ ತೆರೆದಿಡಿ, ಬೆಂಕಿಪೊಟ್ಟಣದಷ್ಟು ಚಿತ್ರದಲ್ಲಿ ಕಾಣದ್ದನ್ನು ಈಗ ಮುಟ್ಟಬೇಡಿ.

ಕರೆಂಟು ಹೋಗುವುದು ಸರಿಯಾಗಿ ಮುಖಕ್ಕೆ ಕಳೆ ಬಂದಾಗಲೇ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನವರು ಆಟೋಸೇವನ್ನು 5 ನಿಮಿಷಕ್ಕೆ ಇಳಿಸಿ. ಕಂಟ್ರೋಲ್ ಆಲ್ಟ್ ‘ಎಸ್’ ಒತ್ತಿದರೆ ಹಳೆಯದು ಹಾಗೇ ಉಳಿದು ಹೊಸ ನಂಬರಿನ ಪ್ರತಿ ಸೇವ್ ಆಗುತ್ತದೆ. ಜೆಪಿಜಿ ಮಾತ್ರ ಇಟ್ಟುಕೊಂಡರೆ ಲೇಯರೆಲ್ಲ ಕಲಸಿ ಒಂದಾಗಿ ಹೋಗುತ್ತದೆ, ಲೇಯರು ಉಳಿಸುವ ಕ್ರಿಟಾದ ಕೆಆರ್‌ಎ ಫೈಲೂ ಇರಲಿ.

ಪ್ರಿಂಟಿಗೆ ಕೊಡುವಾಗ 1080 ಪಿಕ್ಸೆಲ್ ಅಗಲದ ಚಿತ್ರ ಹಿಡಿದುಕೊಂಡು ಹೋಗಿ ದೊಡ್ಡ ಫ್ರೇಮ್ ಕೇಳಬೇಡಿ. 300 ಡಿಪಿಐಗೆ ಅದು 3.6 ಇಂಚು, ಹೆಚ್ಚುಕಮ್ಮಿ ವಿಸಿಟಿಂಗ್ ಕಾರ್ಡಿನ ಅಗಲ. “ವಾಟ್ಸಾಪ್ ಮಾಡಿ ಸಾರ್” ಅಂದರೆ ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ದಾರಿಯಲ್ಲೇ ಸೊರಗುತ್ತದೆ. ಪರದೆಯಲ್ಲಿ ಉರಿಯುತ್ತಿದ್ದ ನೀಲಿ, ಗಿಳಿಹಸಿರು ಮುದ್ರಣದ ನಾಲ್ಕು ಶಾಯಿಗೆ ದಕ್ಕುವುದಿಲ್ಲ, ಮಂಕಾಗುತ್ತವೆ. ದೊಡ್ಡದು ಮಾಡಿಸುವ ಮುಂಚೆ ಅಂಗೈ ಅಗಲದ ಒಂದು ತುಂಡು ತೆಗೆಸಿ ನೋಡುವುದು ಜಾಣತನ.

ಇಷ್ಟೆಲ್ಲ ಆಗಿ ಫ್ರೇಮ್ ಗೋಡೆಗೇರಿದ ಮೇಲೆ ನೆಂಟರು ಬರುತ್ತಾರೆ. “ಚೆನ್ನಾಗಿದೆ ಕಣಪ್ಪಾ. ಈಗ ಎಲ್ಲ ಕಂಪ್ಯೂಟರೇ ಬರ್ಕೊಡುತ್ತಂತಲ್ಲ?” ವಾದಕ್ಕಿಳಿದು ಪ್ರಯೋಜನವಿಲ್ಲ. ಕ್ರಿಟಾದಲ್ಲಿ ರೆಕಾರ್ಡರ್ ಇದೆ, ಮೊದಲ ಗೆರೆಯಿಂದ ಕಡೆಯವರೆಗೂ ಹಿಡಿದು ವಿಡಿಯೊ ಮಾಡಿಕೊಡುತ್ತದೆ, ಅದನ್ನು ತೋರಿಸಿ. ರೆಕಾರ್ಡ್ ಗುಂಡಿ ಒತ್ತಲು ನೆನಪಿರಬೇಕು, ಅಷ್ಟೇ. ಹಾಗೆಯೇ ‘ಎಂ’ ಕೀ. ಅಳತೆ ತಪ್ಪಿದೆಯಾ ಅಂತ ನೋಡಲು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವ ಒಳ್ಳೆಯ ಕೀ ಅದು. ವಾಪಸ್ ತಿರುಗಿಸದೆ ಸಹಿ ಹಾಕಿದರೆ ಪ್ರಿಂಟಿನಲ್ಲಿ ನಿಮ್ಮ ಹೆಸರು ಆ್ಯಂಬುಲೆನ್ಸಿನ ಮುಂದಿನ ಬರಹದಂತೆ ತಿರುಗುಮುರುಗಾಗಿ ಬರುತ್ತದೆ. ಸಹಿಯನ್ನು ಬೇರೆ ಲೇಯರಿನಲ್ಲಿ ಹಾಕಿ. ನೆಂಟರು ಓದಿ ನಕ್ಕ ಮೇಲಾದರೂ ತಿದ್ದಿ ಇನ್ನೊಂದು ಪ್ರಿಂಟ್ ತೆಗೆಸಬಹುದು.