ಎಫ್‌ಎಲ್‌ಡಿ ಗೆರೆ ಕೆಳಗಿದ್ರೆ ಶೀಟ್ ಹರಿಯಲ್ವಾ? ಪರ-ವಿರೋಧ

ಲೋಹದ ಶೀಟನ್ನ ಡೈಯಲ್ಲಿ ಒತ್ತಿ ಆಕಾರ ಕೊಡೋವಾಗ ಎಷ್ಟು ಹಿಗ್ಗಿದ್ರೆ ಹರಿಯತ್ತೆ ಅಂತ ಗೆರೆ ಎಳೆದು ತೋರಿಸೋ ನಕ್ಷೆನೇ ಎಫ್‌ಎಲ್‌ಡಿ, ಅಂದ್ರೆ ಫಾರ್ಮಿಂಗ್ ಲಿಮಿಟ್ ಡಯಾಗ್ರಾಮ್. ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ ಶೀಟಿನ ಪಾಯಿಂಟೆಲ್ಲಾ ಆ ಗೆರೆ ಕೆಳಗೆ ಬಂದ್ರೆ ಅದನ್ನೇ ನಂಬಿ ಡೈ ಮಾಡಿಸಬಹುದಾ? ಎರಡೂ ಕಡೆ ನಾನೇ ವಾದ ಮಾಡ್ತೀನಿ, ಒಲವು ಯಾವ ಕಡೆ ಅಂತ ನಿಮಗೇ ಗೊತ್ತಾಗತ್ತೆ.

ಪರ

ಮಾಡಿಸಬಹುದು. ಮೊದ್ಲು ಏನಿತ್ತು ಹೇಳಿ, ಡೈ ಕಟ್ ಮಾಡಿ ಪ್ರೆಸ್ಸಿಗೆ ಹಾಕೋದು, ಪ್ಯಾನಲ್ ಹರಿದ್ಮೇಲೆ ರೇಡಿಯಸ್ ತಿಕ್ಕೋದು, ಶೀಟ್ ಜಾರೋದನ್ನ ತಡೆಯೋ ಡ್ರಾ ಬೀಡ್ ಗ್ರೈಂಡ್ ಮಾಡೋದು, ಎಣ್ಣೆ ಬಳಿದು ಮತ್ತೆ ಹೊಡೆಯೋದು. ಶೀಟ್ ಮೇಲೆ ಸಣ್ಣ ಸರ್ಕಲ್ ಎಚ್ ಮಾಡಿ, ಎಳೆದಾದ್ಮೇಲೆ ಅದೆಷ್ಟು ಉದ್ದುದ್ದ ಆಯ್ತು ಅಂತ ಅಳೆದು 1960ರ ದಶಕದಲ್ಲಿ ಕೀಲರ್ ಅನ್ನೋ ಸಂಶೋಧಕರು ಗೆರೆಯ ಬಲಭಾಗ (ಎರಡೂ ದಿಕ್ಕಿಗೆ ಹಿಗ್ಗೋದು) ಕೊಟ್ರು, 1968ರಲ್ಲಿ ಗುಡ್ವಿನ್ ಎಡಭಾಗ (ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗೋದು) ಸೇರಿಸಿದ್ರು, ಅಲ್ಲಿಂದ ಈ ಊಹಾಪೋಹಕ್ಕೆ ಒಂದು ಅಳತೆ ಸಿಕ್ತು. ಎನ್ ವ್ಯಾಲ್ಯೂ (ಎಳೆದಷ್ಟೂ ಸ್ಟೀಲು ಎಷ್ಟು ಗಟ್ಟಿಯಾಗತ್ತೆ ಅನ್ನೋ ಅಂಕಿ) 0.21 ಇರೋ 1 ಎಂಎಂ ಮೈಲ್ಡ್ ಸ್ಟೀಲಿಗೆ ಕೀಲರ್-ಬ್ರೇಜಿಯರ್ ಫಾರ್ಮುಲಾ ಹಾಕಿದ್ರೆ, ಗೆರೆ ಅತೀ ತಗ್ಗಾಗಿರೋ ಪ್ಲೇನ್ ಸ್ಟ್ರೇನ್ (ಅಗಲ ಬದಲಾಗದೆ ಉದ್ದಕ್ಕೆ ಮಾತ್ರ ಹಿಗ್ಗೋ) ಜಾಗದಲ್ಲಿ ಹಿಗ್ಗೋ ಮಿತಿ ಸುಮಾರು 37% ಬರತ್ತೆ. ಅದಕ್ಕಿಂತ 10 ಪರ್ಸೆಂಟೇಜ್ ಪಾಯಿಂಟ್ ಕೆಳಗೆ ನಿಂತ್ರೆ ಶೀಟಿನ ಸುರುಳಿ (ಕಾಯಿಲ್) ಬದಲಾದ್ರೂ ನಿದ್ದೆ ಬರತ್ತೆ.

ವಿರೋಧ

ಗೆರೆ ಸುಳ್ಳಲ್ಲ ಸ್ವಾಮಿ, ಆದ್ರೆ ಅದನ್ನ ಅಳೆದಿದ್ದು ಪ್ರತಿ ಸ್ಯಾಂಪಲ್ಲನ್ನೂ ಶುರುವಿಂದ ಕೊನೇವರೆಗೂ ಒಂದೇ ರೀತಿ ಹಿಗ್ಗಿಸಿ. ನಮ್ಮ ಪಾರ್ಟು ಎರಡು ಮೂರು ಸ್ಟೇಜ್ ದಾಟತ್ತೆ. ಮೊದಲ ಡ್ರಾನಲ್ಲಿ ಎರಡೂ ಕಡೆಗೆ ಸಮವಾಗಿ ಹಿಗ್ಗಿದ ಜಾಗಾನ ಮುಂದಿನ ಸ್ಟೇಜಲ್ಲಿ ಪ್ಲೇನ್ ಸ್ಟ್ರೇನ್‌ನಲ್ಲಿ ಎಳೆದ್ರೆ ಲಿಮಿಟ್ ಇಳಿದೇ ಬಿಡತ್ತೆ, ಮೊದ್ಲು ಅಗಲ ಕುಗ್ಗೋ ಹಾಗೆ ಒಂದೇ ದಿಕ್ಕಿಗೆ ಎಳೆದಿದ್ರೆ ಅದೇ ಲಿಮಿಟ್ ಏರತ್ತೆ, ಅಂದ್ಮೇಲೆ ಯಾವ ಗೆರೆ ಅಂತ ನೋಡೋದು?

ಲೆಕ್ಕದಲ್ಲಿ ಗೆರೆ ತೆಗೀತೀವಿ ಅಂತೀರಾ, 1967ರ ಮಾರ್ಸಿನಿಯಾಕ್-ಕುಚಿನ್ಸ್ಕಿ ಮಾಡೆಲ್ ಶೀಟಲ್ಲಿ ಮೊದಲೇ ಒಂದು ತೆಳು ಪಟ್ಟಿ ಇದೆ ಅಂತ ಅಂದ್ಕೊಂಡೇ ಶುರು ಮಾಡೋದು, ಅದು ಅರ್ಧ ಪರ್ಸೆಂಟ್ ತೆಳುವೋ ಒಂದು ಪರ್ಸೆಂಟೋ ಅನ್ನೋದ್ರ ಮೇಲೆ ಗೆರೆ ಮೇಲೆ ಕೆಳಗೆ ಓಡಾಡತ್ತೆ, ಆ ನಂಬರನ್ನ ಸಾಮಾನ್ಯವಾಗಿ ಯಾರೂ ಮೈಕ್ರೋಮೀಟರ್ ಹಿಡಿದು ಅಳೆಯಲ್ಲ, ಟೆಸ್ಟಿಗೆ ಹೊಂದೋ ಹಾಗೆ ತಿರುಗಿಸ್ಕೊಳ್ತಾರೆ ಅಷ್ಟೇ. ಕೇಳಿದ್ರೆ ಫಿಟ್ಟಿಂಗ್ ಪ್ಯಾರಾಮೀಟರ್ ಅಂತಾರೆ.

ಇನ್ನು ಡಿಪಿ 980 ತರದ ಗಟ್ಟಿ ಸ್ಟೀಲು. ಸಣ್ಣ ಡೈ ರೇಡಿಯಸ್ ಮೇಲೆ ಬಗ್ಗಿಸ್ತಾ ಎಳೆದ್ರೆ ನೆಕ್ಕಿಂಗ್ (ಹರಿಯೋ ಮುಂಚೆ ಒಂದೇ ಜಾಗ ತೆಳುವಾಗೋದು) ಕಾಣಿಸದೇನೇ ಪಟ್ ಅಂತ ಸೀಳತ್ತೆ, ನೆಕ್ಕಿಂಗನ್ನ ಹೇಳೋಕೆ ಹುಟ್ಟಿದ ಗೆರೆ ಅದನ್ನ ಹೇಗೆ ಹೇಳತ್ತೆ? ಕಟ್ ಮಾಡಿದ ಅಂಚಿನ ಕಥೆನೂ ಇದೇ. ನಾನು ಸ್ಕ್ರೀನ್ ತುಂಬಾ ಹಸಿರು (ಎಲ್ಲಾ ಸೇಫ್ ಅನ್ನೋ ಬಣ್ಣ) ನೋಡಿ ಸಮಾಧಾನವಾಗಿ ಓಕೆ ಮಾಡಿದ ಒಂದು ಬ್ರಾಕೆಟ್ಟು ಟ್ರೈಔಟಲ್ಲಿ (ಡೈಯನ್ನ ಪ್ರೆಸ್ಸಲ್ಲಿ ಪರೀಕ್ಷೆ ಮಾಡೋವಾಗ) ಅಂಚಿಂದಲೇ ಹರೀತು, ಬ್ಲ್ಯಾಂಕಿಂಗ್ ಪಂಚ್ ಮೊಂಡಾಗಿ ಬರ್ (ಅಂಚಲ್ಲಿ ಏಳೋ ಚೂಪು ಸಿವುರು) ಎದ್ದಿತ್ತು, ಅದನ್ನ ಕಂಡುಹಿಡಿದಿದ್ದು ಅಂಚಿನ ಮೇಲೆ ಉಗುರು ಆಡಿಸಿ ನೋಡಿದ ಟ್ರೈಔಟ್ ಫಿಟ್ಟರ್.